ಬೆರಕಿ ಬೆಕ್ಕು ಮತ್ತು ಶುದ್ಧ ಕನ್ನಡದ ಹೆಡ್‌ಮಾಸ್ಟರು

ನಾನು ನ್ಯಾಮತಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ಅಲ್ಲಿಗೆ ಮೈಸೂರು ಕಡೆಯಿಂದ ಒಬ್ಬ ಹೆಡ್‌ಮಾಸ್ಟರು ವರ್ಗವಾಗಿ ಬಂದರು. ಅವರನ್ನು ನೆನೆದರೆ ನನಗೆ ಈಗ ಕೋಪ ಬರುವುದಿಲ್ಲ. ಕೋಪ ಬರಬೇಕಾದರೆ ಎದುರಿನ ಮನುಷ್ಯನಿಗೆ ಒಂದಿಷ್ಟಾದರೂ ತೂಕ ಇರಬೇಕು. ಇವರಿಗಿದ್ದದ್ದು ತಲೆಯ ಮೇಲಿನ ಜರಿ ಪೇಟದ ತೂಕ ಒಂದೇ.

‘ಶುದ್ಧ’ ಎಂಬ ಮಾತು ಅವರ ಬಾಯಲ್ಲಿ ಎಲೆಯಡಿಕೆಯಂತೆ ಸದಾ ಇರುತ್ತಿತ್ತು. ಶುದ್ಧ ಕನ್ನಡ, ಶುದ್ಧ ತುಪ್ಪ, ಶುದ್ಧ ವಂಶ. ಊರಿನವರು ‘ಐತೆ’ ಅಂದರೆ ಚರಂಡಿ ದಾಟುವವರ ಹಾಗೆ ಮುಖ ಮಾಡುತ್ತಿದ್ದರು. ಯಾವನಾದರೂ ಹುಡುಗ ಎದ್ದು ನಿಂತು, “ಲೆಕ್ಕ ಮಾಡಾಕೆ ಬರವಲ್ದು ಸಾರ್” ಅಂದರೆ ಮುಗಿಯಿತು. “ಮಾಡಲು ಬರುವುದಿಲ್ಲ ಅನ್ನು. ಇನ್ನೊಮ್ಮೆ ಅನ್ನು” ಎಂದು ಅವನಿಂದ ಹೇಳಿಸಿ ಹೇಳಿಸಿ ಗಂಟೆ ಹೊಡೆಯುವ ಹೊತ್ತಾಗುತ್ತಿತ್ತು. ಹುಡುಗ ಶುದ್ಧವಾಗಿ ಹೇಳುವುದನ್ನು ಕಲಿತು ಕೂರುತ್ತಿದ್ದ. ಲೆಕ್ಕ ಮಾತ್ರ ಬಂದಿರುತ್ತಿರಲಿಲ್ಲ.

ನಾನು ಹೊನ್ನಾಳಿಯವನು. ನಮ್ಮಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಮ್ಮ ಮನೆಮಾತು ಉರ್ದು. ಆದರೆ ತಾಯಿ ಚನ್ನಗಿರಿ ಹತ್ತಿರದ ನಲ್ಲೂರಿನವರು. ಅಲ್ಲಿನ ಹೆಂಗಸರ ನಡುವೆ ಬೆಳೆದವರಾದ್ದರಿಂದ ಅವರಿಗೆ ಪ್ರೀತಿ ಬಂದರೆ ಉರ್ದು, ಸಿಟ್ಟು ಬಂದರೆ ಕನ್ನಡ. “ಬೈಯಾಕೆ ಕನ್ನಡದಷ್ಟು ಅನುಕೂಲ ಯಾವುದೂ ಇಲ್ಲ” ಅನ್ನುತ್ತಿದ್ದರು. ಕನ್ನಡ ಪಂಡಿತ ಪರೀಕ್ಷೆಗೆ ಕೂತು ನಾನು ಹಳಗನ್ನಡವನ್ನೆಲ್ಲ ಓದಿದೆ. ಆದರೂ ನನ್ನ ನಾಲಗೆಯ ಮೇಲೆ ಉಳಿದದ್ದು ತಾಯಿಯ ಬೈಗುಳದ ಕನ್ನಡವೇ. ನ್ಯಾಮತಿಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಪ್ರತಿ ಶನಿವಾರ ಸ್ಕೂಲು ಬಿಟ್ಟ ಕೂಡಲೇ ಹೊನ್ನಾಳಿಗೆ ಹೋಗಿ ಬರುತ್ತಿದ್ದೆ. ಅಪ್ಪ ತೀರಿಕೊಂಡಿದ್ದರು. ತಾಯಿ ಮತ್ತು ನನ್ನ ಹೆಂಡತಿ ಅಲ್ಲಿದ್ದರು.

ಹೊನ್ನಾಳಿಯ ನಮ್ಮ ಮನೆಗೆ ಒಂದು ಬೂದಿ ಬಣ್ಣದ ಬೆಕ್ಕು ಬಂದು ಸೇರಿಕೊಂಡಿತ್ತು. ಅದನ್ನು ಯಾರೂ ಸಾಕಿರಲಿಲ್ಲ. ತನ್ನನ್ನು ತಾನೇ ಸಾಕಿಕೊಂಡಿತ್ತು, ನಮ್ಮ ಹಾಲಿನಲ್ಲಿ. ತೊಲೆಗೆ ಕಟ್ಟಿದ ನೆಲುವಿನಲ್ಲಿ ಮೊಸರಿನ ಗಡಿಗೆ ಇಟ್ಟರೆ ಅದು ಅಕ್ಕಿ ಮೂಟೆ ಹತ್ತಿ, ಮೂಟೆಯಿಂದ ಕಿಟಕಿ, ಕಿಟಕಿಯಿಂದ ನೆಲುವು ಹಿಡಿದು, ಉಯ್ಯಾಲೆಯಾಡುತ್ತಲೇ ಮೊಸರು ಕುಡಿಯುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ತಾಯಿ ಬಡಿಗೆ ಹಿಡಿದು ಓಡಿಸಿಕೊಂಡು ಹೋದರೆ ಅದು ಅಂಗಳವನ್ನು ಒಂದು ಸುತ್ತು ಹಾಕಿ, ಬಡಿಗೆ ಕೆಳಗಿಟ್ಟು ಸುಸ್ತಾಗಿ ಕೂತ ಅವರದೇ ಮಡಿಲಿಗೆ ಬಂದು ಮಲಗಿತು. ತಾಯಿ ಅದರ ಮೀಸೆಯ ಕೆನೆಯನ್ನು ಸೆರಗಿನಿಂದ ಒರೆಸುತ್ತ, “ಎಂಥಾ ಬೆರಕಿ ನೋಡು ಇದು, ಎಂಥಾ ಬೆರಕಿ!” ಎಂದು ನಕ್ಕರು.

ನಮ್ಮ ಸೀಮೆಯ ಈ ‘ಬೆರಕಿ’ ಎಂಬ ಮಾತಿಗೆ ಕಳ್ಳ ಎಂದರೆ ಅರ್ಥ ಸಾಲದು, ಜಾಣ ಎಂದರೂ ಸಾಲದು. ಒಳಗೊಂದು ಹೊರಗೊಂದು ಇಟ್ಟುಕೊಂಡು, ಸಿಕ್ಕಿಬಿದ್ದರೂ ಸಿಕ್ಕಿಬೀಳದ ಹಾಗೆ ನಡೆದುಕೊಂಡು, ಬೈಯಲು ಬಂದವರನ್ನು ನಗಿಸಿ ಕಳಿಸುವ ಪ್ರಾಣಿ ಬೆರಕಿ. ಅದರಲ್ಲಿ ಬೈಗುಳವಿದೆ, ಒಂದು ಚೂರು ಮೆಚ್ಚುಗೆಯೂ ಇದೆ. ಆ ದಿನ ನ್ಯಾಮತಿಗೆ ಬಸ್ಸಿನಲ್ಲಿ ಹಿಂದಿರುಗುವಾಗ ಆ ಮಾತು ನನ್ನ ತಲೆಯಲ್ಲಿ ಕುಣಿಯುತ್ತಿತ್ತು. ಬಸ್ಸು ಇಳಿಯುವಷ್ಟರಲ್ಲಿ ಪದ್ಯವಾಗಿತ್ತು.

ನಮ್ಮ ಕೇರಿಯ ಬೆರಕಿ ಬೆಕ್ಕು,
ಮೈಯೆಲ್ಲ ಮೆತ್ತಗೆ, ಮನಸೆಲ್ಲ ಸೊಕ್ಕು.
ಕಣ್ಮುಚ್ಚಿ ಕುಂತರೆ ಸನ್ಯಾಸಿ ಥರ,
ಕಣ್ತೆರೆದರೆ ಮೊಸರಿನ ಗಡಿಗೆಯ ಹತ್ತಿರ.

ಯಾರದು ಅಂದರೆ ಮಿಯಾಂವು ಅಂತು,
ಹಾಲೆಲ್ಲಿ ಅಂದರೆ ನಿದ್ದೆಯೇ ಬಂತು.
ಬಡಿಗೆಯ ಕಂಡರೆ ಅಜ್ಜಿಯ ಮಡಿಲು,
ಅಜ್ಜಿಯು ಮಲಗಲು ಅಡಿಗೆಯ ಬಾಗಿಲು.

ಮೋಟಾರು ಬಂದರೂ ದಾರಿಯ ಬಿಡದು,
ಡ್ರೈವರ ಬೈಗುಳ ಕಿವಿಯಲಿ ಇಡದು.

ಹೀಗೆ ಇನ್ನೂ ಕೆಲವು ಸಾಲು. ಇದು ಮಹಾಕಾವ್ಯವೆಂದು ನಾನು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಮಕ್ಕಳಿಗೆ ಹೇಳಿಕೊಟ್ಟೆ. ಬಾಲವಿಲ್ಲದ ಆ ಮಕ್ಕಳು ಬಾಲ ಅಲ್ಲಾಡಿಸಿಕೊಂಡು ಹೇಳಲು ಕಲಿತರು.

ಆ ವರ್ಷ ಮಹಾರಾಜರ ವರ್ಧಂತಿಗೆ ಸ್ಕೂಲಿನ ಮುಂದೆ ಚಪ್ಪರ ಹಾಕಿದ್ದರು. ಊರಿನ ಹಿರಿಯರು, ಮಂಡಿ ಸಾಹುಕಾರರು, ಮಕ್ಕಳ ತಾಯಂದಿರು ಎಲ್ಲರೂ ಬಂದಿದ್ದರು. ಹೆಡ್‌ಮಾಸ್ಟರು ತಾವೇ ರಚಿಸಿದ ಷಟ್ಪದಿಗಳನ್ನು ಓದಿದರು. ಅದರಲ್ಲಿ ಇಂದ್ರ ಬಂದ, ಚಂದ್ರ ಬಂದ, ಸಮುದ್ರ ಉಕ್ಕಿತು. ನ್ಯಾಮತಿಯ ಜನ ಆಕಳಿಸಿದರು. ಹಿಂದೆ ಕೂತ ಹೆಂಗಸರು ತಮ್ಮತಮ್ಮಲ್ಲೇ ಬೆಲ್ಲದ ಧಾರಣೆ ಮಾತಾಡತೊಡಗಿದರು. “ಸದ್ದು!” ಎಂದು ಹೆಡ್‌ಮಾಸ್ಟರು ಗದರಿ, ನಿಂತ ಪದ್ಯವನ್ನು ಮತ್ತೆ ಮೊದಲಿಂದ ಓದಿದರು.

ಅದರ ಹಿಂದೆಯೇ ನಮ್ಮ ಮಕ್ಕಳ ಬೆಕ್ಕಿನ ಪದ್ಯ. ‘ಬೆರಕಿ ಬೆಕ್ಕು’ ಅಂದದ್ದೇ ತಡ, ಹೆಂಗಸರ ಕಡೆಯಿಂದ ನಗು ಎದ್ದಿತು. ‘ನಿದ್ದೆಯೇ ಬಂತು’ ಅನ್ನುವ ಹೊತ್ತಿಗೆ ಮಂಡಿ ಸಾಹುಕಾರರು ಕುರ್ಚಿಯ ಕೈ ತಟ್ಟಿ ನಗುತ್ತಿದ್ದರು. “ಇನ್ನೊಂದ್ಸಲ ಹೇಳ್ರೋ!” ಎಂದು ಕೂಗಿದರು. ಮಕ್ಕಳು ಮತ್ತೆ ಹೇಳಿದರು. ಹೆಡ್‌ಮಾಸ್ಟರ ಮುಖವನ್ನು ನಾನು ನೋಡಿದೆ. ಜನ ತಮ್ಮ ಷಟ್ಪದಿಗೆ ಆಕಳಿಸಿದ್ದನ್ನು ಅವರು ಸಹಿಸಿಯಾರು, ಇನ್ನೊಬ್ಬರ ಪದ್ಯಕ್ಕೆ ನಕ್ಕದ್ದನ್ನು ಸಹಿಸಲಾರರು ಎಂದು ಆಗಲೇ ಗೊತ್ತಾಯಿತು.

ಮರುದಿನ ಅವರು ನನ್ನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ದಪ್ಪನೆಯ ನಿಘಂಟು ತೆರೆದಿತ್ತು.

“ಬೆರಕಿ ಎಂಬ ಶಬ್ದ ಇದರಲ್ಲಿ ಎಲ್ಲಿದೆ ತೋರಿಸಿ” ಎಂದರು.

“ಅದರಲ್ಲಿ ಇಲ್ಲದೆ ಇರಬಹುದು ಸಾರ್. ಈ ಕಡೆ ಜನ ಆಡುವ ಮಾತು. ನಮ್ಮ ತಾಯಿ ಆಡುತ್ತಾರೆ.”

“ನಿಮ್ಮ ತಾಯಿಯ ಮನೆಮಾತು ಉರ್ದು ಅಲ್ಲವೇನ್ರಿ?”

“ಹೌದು ಸಾರ್. ಆದರೆ ಬೆಕ್ಕಿನ ಮನೆಮಾತು ಕನ್ನಡ.”

ಅವರು ನಗಲಿಲ್ಲ. ನಗುವುದಕ್ಕೂ ನಿಘಂಟು ನೋಡಬೇಕಾದ ಜನ ಅವರು. ಬೆರಳಿನಿಂದ ಒಂದು ಪುಟ ಒತ್ತಿ ಹಿಡಿದು, “ಇಲ್ಲಿದೆ ನೋಡಿ, ಬೆರಕೆ. ಮಿಶ್ರವಾದದ್ದು, ಕಲಬೆರಕೆ. ನೀವು ಯಾರನ್ನು ಬೆರಕೆ ಅಂದಿರಿ ಎಂಬುದು ನನಗೆ ತಿಳಿಯದೆ ಇಲ್ಲ. ನಾನು ಸಂಜೆ ಜಗಲಿಯ ಮೇಲೆ ಕಣ್ಮುಚ್ಚಿ ಜಪಕ್ಕೆ ಕೂರುವುದನ್ನು ಊರೇ ನೋಡಿದೆ. ನನ್ನ ವಂಶದ ಶುದ್ಧಿಯ ಬಗ್ಗೆ ಮಕ್ಕಳ ಬಾಯಿಂದ ಆಡಿಸಿದಿರಿ!” ಎಂದರು.

ನಾನು ಬರೆದದ್ದು ಬೂದಿ ಬಣ್ಣದ ಒಂದು ಬೆಕ್ಕಿನ ಮೇಲೆ. ಅದರೊಳಗೆ ತಮ್ಮನ್ನೂ ತಮ್ಮ ಪಿತೃಗಳನ್ನೂ ಹುಡುಕಿ ತೆಗೆದದ್ದು ಸಂಪೂರ್ಣ ಅವರದೇ ಪ್ರತಿಭೆ. ಅವರ ವಂಶ ಶುದ್ಧವೋ ಅಲ್ಲವೋ ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಷ್ಟು ಹೆದರಿಕೆ ಅವರಿಗೇ ಇದ್ದದ್ದನ್ನು ಕಂಡು ಆಶ್ಚರ್ಯವಾಯಿತು, ಅಷ್ಟೆ.

“ಬೆರಕಿ ಬೇರೆ, ಬೆರಕೆ ಬೇರೆ ಸಾರ್. ಯಾರನ್ನು ಬೇಕಾದರೂ ಕೇಳಿ” ಎಂದೆ.

“ಕೇಳಬೇಕಾದವರು ಕೇಳುತ್ತಾರೆ” ಎಂದು ಹೇಳಿ ಮೇಲಧಿಕಾರಿಗಳಿಗೆ ಬರೆದರು.

ಸ್ವಲ್ಪ ದಿನಗಳಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ವಿಚಾರಣೆಗೆ ಬಂದರು. ದಪ್ಪ ಮನುಷ್ಯ, ಮಾತು ಕಡಿಮೆ. ಪದ್ಯವನ್ನು ಓದಿಸಿ ಕೇಳಿದರು. ಕೇಳುವಾಗ ಅವರ ತುಟಿಯ ತುದಿ ಎರಡು ಸಲ ಅಲ್ಲಾಡಿದ್ದನ್ನು ನಾನು ಕಂಡೆ. ನನಗೆ ಧೈರ್ಯ ಬಂತು. ಊರಿನ ಒಬ್ಬ ದೊಡ್ಡ ಮನುಷ್ಯರಿಂದ ಪದದ ಅರ್ಥ ಕೇಳೋಣವೆಂದು ಮಂಡಿ ಸಾಹುಕಾರರನ್ನು ಕರೆಸಿದರು.

“ಬೆರಕಿ ಅಂದ್ರೆ ಏನು ಸಾಹುಕಾರರೇ?”

ಸಾಹುಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಅದನ್ನ ಹೆಂಗೆ ಹೇಳಾಕೆ ಬರ್ತೈತೆ ಸ್ವಾಮಿ? ಈಗ ನನ್ನ ಭಾವಮೈದ ಅದಾನಲ್ಲ, ಅವನು ನೋಡ್ರಿ ಬೆರಕಿ ಅಂದ್ರೆ.”

ಹೆಡ್‌ಮಾಸ್ಟರು ಹಾರಿ ಬಿದ್ದರು. “ಹಾಗಾದರೆ ಆತ ಬೆರಕೆ ಕುಲದವನೇ?”

“ಏನ್ರೀ ಮೇಷ್ಟ್ರೇ!” ಸಾಹುಕಾರರು ಎದ್ದೇ ನಿಂತರು. “ನನ್ನ ಹೆಂಡ್ತಿ ತವರುಮನಿ ಸುದ್ದಿಗೆ ಬರ್ತೀರೇನು? ಬೆಕ್ಕಿನ ವಿಚಾರ ಅಂತ ಕರೆಸಿ ನಮ್ಮ ಮನೆತನ ತೆಗೀತೀರಾ?”

ಅವರನ್ನು ಸಮಾಧಾನ ಮಾಡಿ ಕಳಿಸಲು ಇನ್‌ಸ್ಪೆಕ್ಟರರಿಗೆ ಸಾಕುಸಾಕಾಯಿತು. ಆಮೇಲೆ ಹೆಡ್‌ಮಾಸ್ಟರನ್ನು ಹೊರಗೆ ಕಳಿಸಿ ನನ್ನೊಬ್ಬನನ್ನೇ ಉಳಿಸಿಕೊಂಡರು. ಬಾಗಿಲು ಹಾಕಿಸಿದರು.

“ಮೇಷ್ಟ್ರೇ, ನಾನು ಚಿತ್ರದುರ್ಗದ ಕಡೆಯವನು. ಬೆರಕಿ ಅಂದರೆ ಏನು ಅಂತ ನನಗೆ ಗೊತ್ತು. ಚಿಕ್ಕವನಿದ್ದಾಗ ನಮ್ಮವ್ವ ನನ್ನನ್ನ ಹೆಸರು ಹಿಡಿದು ಕರೆದದ್ದಕ್ಕಿಂತ ಹಂಗೆ ಕರೆದದ್ದೇ ಹೆಚ್ಚು.”

“ಹಾಗಿದ್ದರೆ ಸಾರ್, ನನ್ನದು ತಪ್ಪಿಲ್ಲ ಅಂತ ತಮಗೆ ತಿಳಿಯಿತಲ್ಲ.”

“ತಿಳಿದಿದೆ. ಆದರೆ ನಾನು ಏನೂ ಮಾಡದಿದ್ದರೆ ಆ ಮನುಷ್ಯ ಬೆಂಗಳೂರಿನ ಕಚೇರಿಗೆ ಬರೀತಾರೆ. ಆಮೇಲೆ ನಾನು ಅಲ್ಲಿಗೆ ಉತ್ತರ ಬರೀಬೇಕು. ಇಂಥವರ ಕೂಡ ಯಾರು ಹೊಡೆದಾಡ್ತಾರೆ? ಜಗಳೂರಲ್ಲಿ ಒಂದು ಜಾಗ ಖಾಲಿ ಐತೆ, ನೀವು ಹೋಗಿಬಿಡಿ. ಒಳ್ಳೇ ಪದ್ಯ. ಬರೀತಾ ಇರಿ.”

ಬೆನ್ನು ತಟ್ಟಿದರು ಕೂಡ. ಹೆಡ್‌ಮಾಸ್ಟರರದು ಪೆದ್ದತನ. ಈತನಿಗೆ ನಿಜ ಗೊತ್ತಿತ್ತು, ಪದ್ಯದ ರುಚಿಯೂ ಗೊತ್ತಿತ್ತು, ಎರಡನ್ನೂ ನಶ್ಯದ ಡಬ್ಬಿಯ ಜೊತೆ ಜೇಬಿಗೆ ಹಾಕಿಕೊಂಡು ಜಟಕಾ ಹತ್ತಿದ. ಇಬ್ಬರಲ್ಲಿ ಯಾರು ಹೆಚ್ಚು ಕೀಳು ಎಂದು ಕೇಳಿದರೆ ನಾನು ಈಗಲೂ ಈತನ ಕಡೆಗೇ ಬೆರಳು ತೋರಿಸುತ್ತೇನೆ.

ಹೀಗೆ ನಾನು ಜಗಳೂರಿಗೆ ಹೋದೆ. ಹೆಂಡತಿಯನ್ನು ಕರೆದುಕೊಂಡು ಹೋದೆ. ತಾಯಿ ಬರಲಿಲ್ಲ. “ನನ್ನ ಗಂಡನ ಗೋರಿ ಇಲ್ಲೈತೆ, ಬೆಕ್ಕು ಇಲ್ಲೈತೆ. ನೀವು ಹೋಗಿ” ಅಂದರು. ಜಗಳೂರು ಒಣ ಊರು. ನನ್ನ ಹೆಂಡತಿ ದೂರದ ಸೇದುವ ಬಾವಿಯಿಂದ ಕೊಡ ಹೊತ್ತು ತಂದು, ಹೊಸ್ತಿಲಲ್ಲಿ ಇಳಿಸಿ, “ಒಂದು ಬೆಕ್ಕು ಹಾಲು ಕುಡಿದದ್ದಕ್ಕೆ ನಾನು ಇಷ್ಟು ದೂರ ನೀರು ಹೊರಬೇಕಾಯ್ತು” ಎಂದು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು. ಅವಳು ನಗುತ್ತಲೇ ಹೇಳಿದರೂ ನನಗೆ ನಗು ಬರುತ್ತಿರಲಿಲ್ಲ. ಊರಿನ ಜನ ಮಾತ್ರ ಒಳ್ಳೆಯವರು. ಬಿಸಿಲಿನಲ್ಲಿ ಕುರಿ ಕಾಯುವ ಮನೆಗಳಿಂದ ಬರುವ ಮಕ್ಕಳು ಪದ್ಯವನ್ನು ನಾನು ಒಮ್ಮೆ ಹೇಳಿದರೆ ಸಾಕು, ಹಿಡಿದುಬಿಡುತ್ತಿದ್ದರು. ಅಲ್ಲಿ ‘ಬೆರಕಿ’ಗೆ ಅರ್ಥ ಹೇಳುವ ಪ್ರಸಂಗವೇ ಬರಲಿಲ್ಲ.

ಯುದ್ಧ ಶುರುವಾಗಿ ಪೆಟ್ರೋಲು ಸಿಗದಾಯಿತು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ಕ್ಲೀನರು ಚಕ್ರ ತಿರುವಿ ತಿರುವಿ ಕೆಂಡ ಮಾಡಿದ ಮೇಲೆ ಬಸ್ಸು ಕೆಮ್ಮುತ್ತ ಹೊರಡುತ್ತಿತ್ತು, ಏರು ಬಂದರೆ ಎಲ್ಲರೂ ಇಳಿದು ನೂಕಬೇಕಿತ್ತು. ಶನಿವಾರ ಹೋಗಿ ಭಾನುವಾರ ಬರುವ ಮಾತೇ ಇರಲಿಲ್ಲ. ಒಂದು ಚಳಿಗಾಲದಲ್ಲಿ ತಾಯಿಗೆ ಜ್ವರ ಎಂದು ಹೊನ್ನಾಳಿಯಿಂದ ತಂತಿ ಬಂತು. ಅಂದೇ ಹೊರಟೆವು. ದಾವಣಗೆರೆಯ ಆಚೆ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಹಿಡಿದು ನಾವು ಹೊನ್ನಾಳಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ನನ್ನ ಕೈ ಹಿಡಿದುಕೊಂಡು, “ನಿನ್ನ ದಾರಿ ನೋಡಿದ್ಲಪ್ಪ. ಕಾಯಾಕೆ ಆಗ್ಲಿಲ್ಲ” ಎಂದಳು. ನ್ಯಾಮತಿಯಲ್ಲೇ ಇದ್ದಿದ್ದರೆ ನಡೆದುಕೊಂಡೇ ಬಂದು ಮುಟ್ಟುತ್ತಿದ್ದೆ. ಈ ಲೆಕ್ಕವನ್ನು ನಾನು ಯಾರಿಗೂ ಬರೆದು ಕಳಿಸಲಿಲ್ಲ. ಯಾರಿಗೆ ಬರೆಯಬೇಕು? ಇನ್‌ಸ್ಪೆಕ್ಟರಿಗೆ ಉತ್ತರ ಬರೆಯುವ ತೊಂದರೆ ಬೇಡವಾಗಿತ್ತು.

ಯುದ್ಧ ಮುಗಿದ ಮೇಲೆ ಚನ್ನಗಿರಿಯಲ್ಲಿ ಉಪಾಧ್ಯಾಯರ ಒಂದು ಸಮ್ಮೇಳನ ಸೇರಿತು. ಜಗಳೂರಿನಿಂದ ನನ್ನನ್ನು ಕಳಿಸಿದರು. ಹೋಗಿ ಕೂತು ನೋಡಿದರೆ, ಬೆಳಗಿನ ಮುಖ್ಯ ಉಪನ್ಯಾಸ ನಮ್ಮ ಹೆಡ್‌ಮಾಸ್ಟರರದು. ನಿವೃತ್ತರಾಗಿದ್ದರು. ಪೇಟ ಅದೇ. ವಿಷಯ ಮಾತ್ರ ಬದಲಾಗಿತ್ತು: ಗ್ರಾಮ್ಯ ಶಬ್ದಗಳ ಸೌಂದರ್ಯ! ಆ ಹೊತ್ತಿಗೆ ದೊಡ್ಡ ಊರುಗಳಲ್ಲಿ ಹಳ್ಳಿಯ ಹಾಡು, ಹಳ್ಳಿಯ ಮಾತು ಎಂದರೆ ಗೌರವ ಬಂದಿತ್ತು. ಗೌರವ ಬಂದ ಕಡೆಗೆ ಈ ಮಹಾಶಯರೂ ಬಂದಿದ್ದರು.

“ಐತೆ ಎಂಬುದರಲ್ಲಿ ಎಂಥ ಮಾಧುರ್ಯ!” ಎಂದರು. ಮುಂದಿನ ಸಾಲಿನವರು ತಲೆದೂಗಿದರು. ಆಮೇಲೆ ಒಂದು ಅಪೂರ್ವ ಶಬ್ದವನ್ನು ತಾವು ಸ್ವತಃ ಈ ಸೀಮೆಯಲ್ಲಿ ಸಂಚರಿಸಿ ಶೋಧಿಸಿದ್ದಾಗಿ ಹೇಳಿ, ಕರಿ ಹಲಗೆಯ ಮೇಲೆ ‘ಬೆರಕಿ’ ಎಂದು ಬರೆಸಿದರು. ಅದಕ್ಕೆ ಸಂಸ್ಕೃತದಿಂದ ಏನೋ ಒಂದು ಮೂಲವನ್ನೂ ಕೊಟ್ಟರು. ಬೆಕ್ಕನ್ನು ಹಿಡಿದು ಆನೆಯ ಸೊಂಡಿಲು ಅಂಟಿಸಿದ ಹಾಗಿತ್ತು. ಉದಾಹರಣೆಗೆ ಒಂದು ಪದ್ಯ ಓದಿದರು.

“ಪಲ್ಲಕ್ಕಿ ಬಂದರೂ ದಾರಿಯ ಬಿಡದು, ಹೊರುವರ ಬೈಗುಳ ಕಿವಿಯಲಿ ಇಡದು! ಆಹಾ! ಇದು ಪಾಳೆಯಗಾರರ ಕಾಲದ ರಚನೆ. ಬರೆದವಳು ಯಾರೋ ಅನಕ್ಷರಸ್ಥ ಗೃಹಿಣಿ. ಬೀಸುಕಲ್ಲಿನ ಮುಂದೆ ಕೂತು ಹಾಡಿರಬೇಕು. ಇದೇ ನೋಡಿ, ಬೆರಕೆಯಿಲ್ಲದ ಶುದ್ಧ ದೇಸಿ.”

ನನ್ನ ಮೋಟಾರನ್ನು ಪಲ್ಲಕ್ಕಿ ಮಾಡಿದ್ದರು. ನನ್ನ ಡ್ರೈವರನನ್ನು ಕೆಲಸದಿಂದ ತೆಗೆದಿದ್ದರು. ನನ್ನನ್ನು ಪಾಳೆಯಗಾರರ ಕಾಲಕ್ಕೆ ವರ್ಗ ಮಾಡಿದ್ದರು. ನನ್ನ ತಾಯಿಯ ಮಾತನ್ನು, ಆಕೆಗೆ ಆ ಮಾತಿನ ಮೇಲೆ ಹಕ್ಕಿಲ್ಲವೆಂದು ನನ್ನ ಮುಖಕ್ಕೇ ಹೇಳಿದ ಮನುಷ್ಯ, ಈಗ ಇನ್ಯಾರದೋ ಬಾಯಿಗೆ ಹಾಕಿದ್ದರು.

ಪ್ರಶ್ನೆಗಳಿದ್ದರೆ ಕೇಳಬಹುದೆಂದು ಅಧ್ಯಕ್ಷರು ಹೇಳಿದಾಗ ನಾನು ಎದ್ದೆ. “ಆ ಪದ್ಯ ಬರೆದದ್ದು ನಾನು. ನ್ಯಾಮತಿಯಲ್ಲಿ. ಅದಕ್ಕಾಗಿಯೇ ನನ್ನನ್ನು ಜಗಳೂರಿಗೆ ಹಾಕಿದರು” ಎಂದೆ. ಸಭೆಯಲ್ಲಿ ಗುಜುಗುಜು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಗುರುತು ಹಿಡಿದರು ಎಂಬುದು ಅವರ ಮುಖದಲ್ಲೇ ತಿಳಿಯಿತು.

“ಜನಪದದ ಪದ್ಯಗಳಿಗೆ ಹೀಗೆ ವಾರಸುದಾರರು ಹುಟ್ಟಿಕೊಳ್ಳುವುದು ಸಹಜ” ಎಂದರು. ಮುಂದಿನ ಸಾಲು ನಕ್ಕಿತು. “ಮುಂದಿನ ಕಾರ್ಯಕ್ರಮ” ಎಂದರು ಅಧ್ಯಕ್ಷರು.

ಊಟಕ್ಕೆ ನನ್ನಂಥವರ ಪಂಕ್ತಿಯನ್ನು ಬೇರೆ ಹಾಕಿದ್ದರು. ನಾನು ಊಟಕ್ಕೆ ನಿಲ್ಲದೆ ಚೀಲ ತೆಗೆದುಕೊಂಡು ಹೊರಟೆ. ಬಾಗಿಲ ಹತ್ತಿರ ಕೈ ತೊಳೆಯಲು ಬಂದ ಹೆಡ್‌ಮಾಸ್ಟರು ಎದುರಾದರು. ನಾಚಿಕೆಪಟ್ಟಾರು, ಕಡೆಗೆ ಮುಖವನ್ನಾದರೂ ತಿರುಗಿಸಿಯಾರು ಎಂದುಕೊಂಡೆ. ಅದೇನೂ ಇಲ್ಲ.

“ಏನ್ರಿ, ಚೆನ್ನಾಗಿದ್ದೀರಾ?” ಎಂದರು. “ನಿಜ ಹೇಳಬೇಕೆಂದರೆ, ಆಗಲೂ ನನಗೆ ಅನುಮಾನವಿತ್ತು. ಅಂಥ ಕನ್ನಡ ನೀವು ಬರೆದದ್ದಾಗಿರಲು ಸಾಧ್ಯವಿಲ್ಲ. ಯಾರಿಂದಲೋ ಕೇಳಿ ಎತ್ತಿಕೊಂಡಿದ್ದಿರಿ, ಅಲ್ಲವೇ?”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ಅವರು ಮನಸಾರೆ ನಂಬಿದ್ದರು. ಇಷ್ಟು ವರ್ಷ ನಾನು ಈ ಮನುಷ್ಯನೊಳಗೆ ಒಂದು ದ್ವೇಷವಿದೆ, ಒಂದು ಹಟವಿದೆ ಎಂದು ತಿಳಿದು, ಜಗಳೂರಿನ ಬಿಸಿಲಿನಲ್ಲಿ ಅವರೊಂದಿಗೆ ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಎದುರಿಗೆ ನಿಂತು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಖಾಲಿ ಡಬ್ಬ. ಯಾರು ಬಡಿದರೆ ಅವರ ಸದ್ದು.

“ಹೌದು ಸಾರ್, ಕೇಳಿಯೇ ಕಲಿತದ್ದು. ಕೈ ತೊಳೆದುಕೊಳ್ಳಿ, ಸಾರು ಆರುತ್ತೆ” ಎಂದು ಹೇಳಿ ಬಂದುಬಿಟ್ಟೆ.

ಮಧ್ಯಾಹ್ನದ ಬಸ್ಸಿಗೆ ನಲ್ಲೂರಿಗೆ ಹೋದೆ. ಅಲ್ಲಿ ನನ್ನ ತಾಯಿಯ ತಂಗಿ ಇದ್ದರು. ನಾನು ಹೋದಾಗ ಚಿಕ್ಕಮ್ಮ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹಸಿದ ಮುಖ ನೋಡಿ ಮೊದಲು ರೊಟ್ಟಿ ಬಡಿಯಲು ಕೂತರು. ನಾನು ಒಲೆಯ ಪಕ್ಕದಲ್ಲಿ ಕೂತು ಅಂದಿನ ಕಥೆಯನ್ನೆಲ್ಲ ಬಿಸಿಬಿಸಿಯಾಗಿ ಹೇಳತೊಡಗಿದೆ. ಹೆಡ್‌ಮಾಸ್ಟರು, ಕರಿ ಹಲಗೆ, ಪಲ್ಲಕ್ಕಿ, ನಗು.

ಚಿಕ್ಕಮ್ಮ ಅರ್ಧಕ್ಕೇ ತಡೆದರು. “ಆ ಮನುಷ್ಯ ನಿಮ್ಮಮ್ಮ ಸತ್ತಾಗ ಬಂದಿದ್ನೇನು?”

“ಇಲ್ಲ. ಅವರಿಗೆ ಹೆಂಗೆ ಗೊತ್ತಾಗತೈತೆ?”

“ಜಗಳೂರಾಗೆ ನಿನ್ನ ಮಗಳು ಹುಟ್ಟಿದಾಗ?”

“ಇಲ್ಲ ಚಿಕ್ಕಮ್ಮ.”

“ಮತ್ತೆ ಅವನ ಸುದ್ದಿ ತಗೊಂಡು ನನ್ನ ಅಡಿಗೆಮನಿಗೆ ಯಾಕೆ ಬಂದಿ? ರೊಟ್ಟಿ ಆರತೈತೆ, ತಿನ್ನು” ಎಂದು ತಟ್ಟೆಯನ್ನು ನನ್ನ ಕಡೆಗೆ ನೂಕಿದರು. ಆಮೇಲೆ ತಮ್ಮ ಮಗನಿಗೆ ನೋಡಿರುವ ಹೆಣ್ಣಿನ ವಿಚಾರ ತೆಗೆದರು. ಹುಡುಗಿಗೆ ಬಟ್ಟೆ ಹೊಲಿಯಲು ಬರುತ್ತದಂತೆ, ಆದರೆ ಮಾತು ಸ್ವಲ್ಪ ಜೋರಂತೆ. ಜೋರಿದ್ದರೆ ಒಳ್ಳೆಯದೇ ಎಂದು ನಾನು ಹೇಳಿದೆ. ಹೊತ್ತು ಮುಳುಗುವವರೆಗೂ ನಾವು ಆ ಹುಡುಗಿಯ ಮಾತನ್ನೇ ಆಡಿದೆವು.